ಕಪ್ಪೆಗೆ ಮತದ ಹಕ್ಕು

೧೧ ಜನವರಿ, ಭಾನುವಾರ

ಕುಂಚಪ್ಪನಿಗೆ ಭಾವನ ಆಶೀರ್ವಾದ.

ನಿನ್ನ ಅಕ್ಕ ಇಟ್ಟ ಹೆಸರು, ನಾನು ಬಿಡುವವನಲ್ಲ. ತಲೆ ನರೆತರೂ ನೀನು ಕುಂಚಪ್ಪನೇ. ಫೋನು ಮಾಡಬಹುದಿತ್ತು. ಆದರೆ ಚಿತ್ರ ಬರೆಯುವ ಕೋಣೆಯೊಳಕ್ಕೆ ಫೋನು ಒಯ್ಯಬಾರದು ಅಂತ ನಿಮ್ಮ ಕಂಪನಿಯ ಕಟ್ಟಳೆ. ಹೊರಗೆ ಸಿಕ್ಕರೂ ನೀನು "ಹ್ಞೂಂ" ಬಿಟ್ಟು ಬೇರೆ ಮಾತಾಡುವುದಿಲ್ಲ. ಕಾಗದವಾದರೆ ನಾನು ಹೇಳಿದ್ದನ್ನೆಲ್ಲ ನೀನು ಕೇಳಿಸಿಕೊಳ್ಳಲೇಬೇಕು, ನಡುವೆ ಲೈನು ಕಟ್ಟಾಯಿತು ಅನ್ನಲು ಬರುವುದಿಲ್ಲ.

ವಿತ್ ರಿಫರೆನ್ಸ್ ಟು ದಿ ಅಬೋವ್, ವಿಷಯಕ್ಕೆ ಬರುತ್ತೇನೆ. ನಿನ್ನೆ ಹಿಂದಿನ ಕೋಣೆಯಲ್ಲಿ ಜಗಳವಾಯಿತು.

ಆ ಕೋಣೆ ನಿನಗೆ ಗೊತ್ತು. ಮುಂದೆ ನಾನು ಪುಸ್ತಕ ಕಟ್ಟುವುದು, ಹಿಂದೆ ಹಾಳೆ ಮಡಚುವ ದೊಡ್ಡ ಮೇಜು. ಶನಿವಾರ ಮೂರು ಗಂಟೆಗೆ ಸರಿಯಾಗಿ ಅಕ್ಕ ಆ ಮೇಜಿನ ಮೇಲಿನ ರಟ್ಟು, ದಾರ, ಅಂಟಿನ ಡಬ್ಬಿ ಎಲ್ಲ ಎತ್ತಿಟ್ಟು ಆರು ಜನರನ್ನು ಕೂರಿಸಿಕೊಂಡು ನಿಮ್ಮ ಕಂಪನಿಯ ಕಾರ್ಡಿನಾಟ "ಏಳು ದಡ" ಆಡಿಸುತ್ತಿದ್ದಳು. ತಮ್ಮ ಚಿತ್ರ ಬರೆದ ಕಾರ್ಡು ಅನ್ನುವ ಹೆಮ್ಮೆಗೆ ಶುರುವಾದದ್ದು, ಆಮೇಲೆ ಹುಚ್ಚೇ ಹಿಡಿಯಿತು. ಅವಳು ಹೋಗಿ ಹದಿನಾಲ್ಕು ತಿಂಗಳು. ಆರು ಜನ ಈಗಲೂ ಬರುತ್ತಾರೆ. ಅವಳ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಆಟ ನನಗೆ ಬರುವುದಿಲ್ಲ. ಚಹಾ ಕೊಡುತ್ತೇನೆ, ಯಾರ ಸರದಿ ಅಂತ ಕೂಗುತ್ತೇನೆ. ವಾರದಲ್ಲಿ ಆ ಮೂರು ಗಂಟೆ ಈ ಮನೆಯಲ್ಲಿ ನನ್ನದಲ್ಲದ ಧ್ವನಿ ಇರುತ್ತದೆ ಕಣಪ್ಪ. ಅದು ನಿಂತರೆ ನಾನೇನು ಮಾಡಬೇಕೋ ಗೊತ್ತಿಲ್ಲ.

ಇರು, ಅಂಟು ಸೀಯುತ್ತಿದೆ.

ಬಂದೆ. ಪೆನ್ಸಿಲು ಹುಡುಕುತ್ತ ಹತ್ತು ನಿಮಿಷ ಹೋಯಿತು. ಕಿವಿಯ ಮೇಲೇ ಇತ್ತು.

ನಿಮ್ಮ ಕಂಪನಿಯ ಪ್ರಕಟಣೆಯನ್ನು ಗುಂಗುರು ಓದಿದಳು. ಅದೇ, ಹಲ್ಲಿನ ಡಾಕ್ಟರಿಕೆ ಓದುವ ಗುಂಗುರು ಕೂದಲಿನ ಹುಡುಗಿ. ಕಾರ್ಡುಗಳ ಮುಂದಿನ ಕಂತಿನಿಂದ ಔಟ್‌ಸೈಡ್ ಫ್ರಾಂಚೈಸಸ್ ಆಟದೊಳಗೆ ಬರುತ್ತವಂತೆ. ಉಳಿದವರು ಬಾಯಿ ಬಿಟ್ಟುಕೊಂಡು ಕೂತರು. ನನಗೆ ತಟ್ಟನೆ ಹೊಳೆಯಿತು. ಬಿ.ಎ. ಎರಡನೇ ವರ್ಷ, ಪೊಲಿಟಿಕಲ್ ಸೈನ್ಸ್, ಯೂನಿವರ್ಸಲ್ ಅಡಲ್ಟ್ ಫ್ರಾಂಚೈಸ್. ಫ್ರಾಂಚೈಸ್ ಅಂದರೆ ಮತದಾನದ ಹಕ್ಕು. ಅಂದರೆ ಹೊರಗಿನವರಿಗೆ ಆಟದಲ್ಲಿ ಮತ ಕೊಡುತ್ತಾರೆ. ವಿವರಿಸಿ ಹೇಳಿದೆ. ಲೆಕ್ಕದ ಟೀಚರ್ ಹುಬ್ಬು ಗಂಟು ಹಾಕಿದರು, ಆದರೆ ಇಂಗ್ಲಿಷಿನ ತಂಟೆಗೆ ಅವರು ಬರುವುದಿಲ್ಲ. ಬಸ್ ಡ್ರೈವರ್ ಮೇಜು ಗುದ್ದಿದ. "ಹೊರಗಿನವರಿಗೆ ಮತ ಇದ್ದರೆ ನಮಗೂ ಇರಬೇಕು ಸಾರ್." ಸರಿ, ಬರುವ ಶನಿವಾರ ಮತದಾನ ಅಂತ ನಾನೇ ಘೋಷಿಸಿಬಿಟ್ಟೆ.

ಹೊರಗಿನವರು ಯಾರು ಅಂತೀಯ? ಯಾವುದೋ ಮಕ್ಕಳ ಕಾರ್ಟೂನಿನ ಟ್ಯಾಕ್ಸಿ ಓಡಿಸುವ ಕಪ್ಪೆ. ಇನ್ನೊಂದು ಸಿನಿಮಾದ ಬಾಹ್ಯಾಕಾಶದ ಬಾಣಸಿಗ. ನೀನು ಬರೆದ ಅಂಬಿಗಿತ್ತಿ ಇದ್ದಾಳಲ್ಲ, ಹೊಳೆಗೆ ಬಿದ್ದ ಕಾರ್ಡನ್ನು ದೋಣಿಗೆ ಹತ್ತಿಸಿಕೊಂಡು ವಾಪಸು ತರುವವಳು, ಆ ಕೆಲಸವನ್ನು ಇನ್ನು ಕಪ್ಪೆ ಮಾಡುತ್ತದಂತೆ. ಆ ಅಂಬಿಗಿತ್ತಿಯ ಮುಖ ಯಾರದು ಅಂತ ಈ ಮೇಜಿನ ಎಲ್ಲರಿಗೂ ಗೊತ್ತು. ಆ ಕಾರ್ಡನ್ನು ಇಳಿಸುವಾಗ "ಹತ್ತಿ, ಇನ್ನೂ ಜಾಗ ಇದೆ" ಅನ್ನಬೇಕು, ಅನ್ನದಿದ್ದರೆ ಆ ನಡೆ ಲೆಕ್ಕಕ್ಕಿಲ್ಲ. ಅದು ಅಕ್ಕನ ಕಾನೂನು. ಕಪ್ಪೆಗೂ ಹಾಗೆ ಅನ್ನಬೇಕೇ?

ಅಕ್ಕನ ಕಾರ್ಡು ಕ್ಷೇಮವಾಗಿದೆ. ಬಹಳ ಕ್ಷೇಮವಾಗಿದೆ. ಯಾಕೆ ಹೇಳಿದೆ ಅಂದರೆ, ಇನ್ನೊಂದು ಅಂಬಿಗಿತ್ತಿ ನಿನ್ನ ಹತ್ತಿರ ಇದೆಯೇ? ನನ್ನ ಸ್ನೇಹಿತರೊಬ್ಬರು ಕೇಳುತ್ತಿದ್ದರು.

ನಿನ್ನ ಭಾವ


೧೮ ಜನವರಿ, ಭಾನುವಾರ

ಕುಂಚಪ್ಪ,

ನಿನ್ನ ಉತ್ತರ ಬಂದಿಲ್ಲ, ಕಾಯುವ ತಾಳ್ಮೆ ನನಗಿಲ್ಲ. ಬೆಳಿಗ್ಗೆಯಿಂದ ಒಂದೇ ಪುಸ್ತಕದ ಬೆನ್ನು ಎರಡು ಸಲ ಅಂಟಿಸಿದೆ, ಎರಡು ಸಲವೂ ತಲೆಕೆಳಗು.

ನಿನ್ನೆ ಮತದಾನವಾಯಿತು. ಬೀಗದವನು ಹಳೆಯ ಡಬ್ಬಿಗೆ ಸೀಳು ಕೊರೆದು ಬೀಗ ಹಾಕಿ ತಂದಿದ್ದ. ಕಪ್ಪೆ ಬರಲಿ ಅಂದವರು ಮೂವರು: ಗುಂಗುರು, ಬೀಗದವನು, ಕಿರಿಯ ನರ್ಸು. ಬೇಡ ಅಂದವರು ಮೂವರು: ಬಸ್ ಡ್ರೈವರ್, ಲೆಕ್ಕದ ಟೀಚರ್, ಹಿರಿಯ ನರ್ಸು. ನರ್ಸುಗಳು ಸ್ವಂತ ಅಕ್ಕತಂಗಿಯರು, ನಿನ್ನೆ ಬೇರೆ ಬೇರೆ ಬಸ್ಸಿನಲ್ಲಿ ಮನೆಗೆ ಹೋದರು. ಇವರನ್ನು ಒಂದು ಮೇಜಿಗೆ ಕೂರಿಸುವುದು ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗೆ. ಒಂದನ್ನು ಹಿಡಿದರೆ ಇನ್ನೊಂದು ಹಾರುತ್ತದೆ.

ಸಮ ಸಮ. "ಹಾಗಾದರೆ ನನ್ನ ಮತ" ಅಂದೆ. ಡ್ರೈವರ್ ಮೆಲ್ಲಗೆ, "ನೀವು ಆಡುವವರಲ್ಲವಲ್ಲ ಸಾರ್. ಬೇಜಾರು ಮಾಡ್ಕೋಬೇಡಿ, ನೀವೂ ಹೊರಗಿನವರೇ" ಅಂದ. ತನ್ನ ಪರ ಮತ ಹಾಕಲಿರುವವನಿಗೆ ಅಂದ ಮಾತು ನೋಡು. ಲೆಕ್ಕದ ಟೀಚರ್, "ಕುರ್ಚಿ ಅವರದು, ಮೇಜು ಅವರದು, ಚಹಾ ಅವರದು, ಹಾಕಲಿ ಬಿಡಿ" ಅಂದರು. ಹಾಕಿದೆ. ಕಪ್ಪೆ ಬೇಡ. ನಾಲ್ಕು, ಮೂರು.

ಕೂಡಲೇ ನಿಮ್ಮ ಕಂಪನಿಗೆ ಒಂದು ಕಾಗದ ಬರೆದೆ. ಗುಂಗುರು ತನ್ನ ಫೋನಿನಲ್ಲಿ ಕಪ್ಪೆಯ ಚಿತ್ರ ತೋರಿಸಿದ್ದಳು. ನೀನೇ ಹೇಳು, ಕಪ್ಪೆಗೆ ಕಿವಿ ಎಲ್ಲಿದೆ? ಅದು ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡಿದೆ. ಬಾಯಿ ಬೇರೆ ಅರ್ಧ ತೆರೆದಿದೆ, ಈಗಷ್ಟೇ ಏನೋ ಕೊರೆಯಲು ಹೊರಟಂತೆ. ನನ್ನ ಕಾಗದದಲ್ಲಿ ಒಂದು ವಾಕ್ಯ ಚೆನ್ನಾಗಿ ಬಂತು: "ಇದನ್ನು ಬರೆದವನಿಗೆ ಕೈ ಇದೆ, ಕಣ್ಣಿಲ್ಲ." ಕೊನೆಗೆ ಯುವರ್ಸ್ ಒಬೀಡಿಯಂಟ್ಲಿ ಹಾಕಿ ಮತಗಳ ಪಟ್ಟಿ ಲಗತ್ತಿಸಿದೆ. ಗುಂಗುರು ಸೋತಿದ್ದರೂ ಆ ಕಾಗದದ ಫೋಟೋ ತೆಗೆದುಕೊಂಡಳು.

ಇನ್ನೊಂದು ಪೀಕಲಾಟ. ಮಾರ್ಚಿನ ಊರಪಂದ್ಯದಲ್ಲಿ ಅಕ್ಕನ ಅಂಬಿಗಿತ್ತಿಯನ್ನು ಆಡಲು ಡ್ರೈವರ್ ಕೇಳುತ್ತಿದ್ದಾನೆ. ಅವಳ ನೆನಪಿಗೆ ಅಂತ. ಕಾರ್ಡಿಟ್ಟ ಪೆಟ್ಟಿಗೆಯ ಬೀಗದ ಕೈ ಕಳೆದಿದೆ ಅಂದೆ. ಪಕ್ಕದಲ್ಲಿ ಬೀಗದವನು, "ನಾನಿದ್ದೀನಲ್ಲ" ಅಂದ.

ಭಾವ


೨೦ ಜನವರಿ, ಮಂಗಳವಾರ

ಭಾವನವರಿಗೆ ನಮಸ್ಕಾರ.

ನಿಮ್ಮ ೧೧ರ ಕಾಗದ ನಿನ್ನೆ ತಲುಪಿತು. ಫ್ರಾಂಚೈಸ್ ಅಂದರೆ ಇಲ್ಲಿ ಮತವಲ್ಲ ಭಾವ. ಬೇರೆ ಕಂಪನಿಯ ಕಥೆ, ಪಾತ್ರ, ಅವುಗಳ ಗೊಂಬೆ, ಚೀಲ, ಬನಿಯನ್ನು, ಇಡೀ ಸಂಸಾರಕ್ಕೆ ಆ ಹೆಸರು. ಅವರಿಂದ ಒಪ್ಪಿಗೆ ಪಡೆದು ನಮ್ಮ ಕಾರ್ಡಿನಲ್ಲಿ ಅಚ್ಚು ಹಾಕುತ್ತಾರೆ. ಯಾರೂ ಯಾರಿಗೂ ಮತ ಕೊಟ್ಟಿಲ್ಲ. ದಯವಿಟ್ಟು ಚುನಾವಣೆ ಮಾಡಬೇಡಿ.

ಅಂಬಿಗಿತ್ತಿಯನ್ನು ಮತ್ತೆ ಅಚ್ಚು ಹಾಕುವುದಿಲ್ಲ. ನನ್ನ ಬಳಿ ಇದ್ದ ಪ್ರತಿಗಳೆಲ್ಲ ಹಂಚಿಹೋಗಿವೆ. ನಿಮ್ಮ ಸ್ನೇಹಿತರು ಯಾರು? ನಿಮಗೆ ಆ ಆರು ಜನ ಬಿಟ್ಟು ಬೇರೆ ಸ್ನೇಹಿತರಿಲ್ಲವಲ್ಲ.

ಕಪ್ಪೆಯನ್ನು ಅಚ್ಚಿನಲ್ಲಿ ನೋಡಿದ ಮೇಲೆ ಮಾತಾಡಿ. ಫೋನಿನ ಪರದೆಯಲ್ಲಿ ಚಿತ್ರ ನೋಡುವುದು ಕಿಟಕಿಯಿಂದ ಊಟ ನೋಡಿದ ಹಾಗೆ.

ಕುಂಚಪ್ಪ


೨೭ ಜನವರಿ, ಮಂಗಳವಾರ

ಕುಂಚಪ್ಪ,

ಚುನಾವಣೆ ಮಾಡಬೇಡಿ ಅಂತ ನೀನು ಬರೆದ ಕಾಗದ ಫಲಿತಾಂಶ ಬಂದು ಹತ್ತು ದಿನಕ್ಕೆ ಸಿಕ್ಕಿತು. ಡಿಕ್ಷನರಿ ತೆಗೆದೆ. ನೀನು ಹೇಳಿದ ಅರ್ಥ ಇದೆ. ಆದರೆ ನನ್ನ ಅರ್ಥವೂ ಇದೆ, ಮತ್ತು ನನ್ನದು ಮೊದಲು ಇದೆ. ಮೇಜಿನಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.

ಬಿಡುವುದಾದರೂ ಹೇಗೆ? ಗುಂಗುರುವಿನ ಫೋಟೋ ಊರೂರು ಸುತ್ತಿದೆ. ಎಲ್ಲೆಲ್ಲೋ ಆಡುವವರು ತಮ್ಮ ತಮ್ಮ ಮೇಜಿನಲ್ಲಿ ಮತ ಹಾಕುತ್ತಿದ್ದಾರಂತೆ. ಅವಳು ದಿನಾ ಓದಿ ಹೇಳುತ್ತಾಳೆ. ಒಬ್ಬ ತನ್ನ ಕಾರ್ಡುಗಳನ್ನೆಲ್ಲ ಮಾರಿಬಿಟ್ಟನಂತೆ, ಮಾರನೇ ದಿನ ಅಳುತ್ತ ವಾಪಸು ಕೇಳಲು ಹೋದನಂತೆ. ಒಬ್ಬಳು, "ಇಷ್ಟು ದಿನ ನನ್ನ ಮಗಳು ನನ್ನ ಪಕ್ಕ ಕೂತಿರಲಿಲ್ಲ, ಕಪ್ಪೆಗಾಗಿ ಕೂತಳು, ನಿಮಗೇನು ಕಷ್ಟ" ಅಂದಳಂತೆ. ಅವಳಿಗೆ ಮುನ್ನೂರು ಜನ ಬೈದರಂತೆ. ಒಬ್ಬ ಇಪ್ಪತ್ತು ವರ್ಷದಿಂದ ಆಡುವವನು ಬರೆದಿದ್ದಾನೆ: "ನಮ್ಮ ಹೊಳೆಗೆ ಅದರದೇ ನೀರಿತ್ತು." ಅದನ್ನು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಅಂಗಡಿಯ ಮುಂದೆ ಆ ತುದಿಯಿಂದ ಈ ತುದಿಗೆ ಓಡಾಡಿದೆ.

ನನ್ನ ವಾಕ್ಯ ಎಲ್ಲರ ಬಾಯಲ್ಲೂ ಇದೆ. ಕೈ ಇದೆ ಕಣ್ಣಿಲ್ಲ. ಬನಿಯನ್ನಿನ ಮೇಲೆ ಹಾಕಿಸಿಕೊಂಡಿದ್ದಾರೆ. ಬಿ.ಎ.ಯಲ್ಲಿ ಎಸ್ಸೇ ಬರೆದು ಮೂವತ್ತಾರು ಅಂಕ ತೆಗೆದವನು ನಾನು. ಅಕ್ಕ ಇದ್ದಿದ್ದರೆ ನಗುತ್ತಿದ್ದಳು.

ಆದರೆ ಮೇಜು ಸರಿಯಿಲ್ಲ. ಈ ಶನಿವಾರ ಯಾರೂ ಯಾರ ಮುಖವನ್ನೂ ನೋಡದೆ ಆಡಿದರು. ಚಹಾ ಉಳಿಯಿತು.

ಭಾವ


೪ ಫೆಬ್ರವರಿ, ಬುಧವಾರ

ಭಾವನವರಿಗೆ,

ನಿಮ್ಮ ೧೮ರ ಕಾಗದ ಎಲ್ಲೋ ಸುತ್ತಾಡಿ ೨೭ರದರ ಜೊತೆಗೇ ಬಂತು. ಎರಡನ್ನೂ ಓದಿದೆ.

ನಿಮ್ಮ ವಾಕ್ಯವನ್ನು ನಾನು ಮೊದಲು ಕೇಳಿದ್ದು ಕ್ಯಾಂಟೀನಿನಲ್ಲಿ. ತಟ್ಟೆ ತೊಳೆಯುವವನು ನಗುತ್ತ ಹೇಳಿದ. ಬರೆದವರು ಯಾರು ಅಂತ ಆಗ ಗೊತ್ತಿರಲಿಲ್ಲ. ಚೆನ್ನಾಗಿದೆ ಅಂದುಕೊಂಡೆ. ಈಗಲೂ ಚೆನ್ನಾಗಿದೆ.

ಆ ಕಪ್ಪೆಯನ್ನು ಬರೆದವನು ನಾನು.

ಕಾರ್ಡಿನ ಮೂಲೆಯ ಸಹಿ ಹುಡುಕಿ ಜನ ನನಗೆ ಕಾಗದ ಹಾಕುತ್ತಿದ್ದಾರೆ. ಎರಡನೇ ಅಚ್ಚಿನಲ್ಲಿ ಸಹಿ ತೆಗೆಯಲೇ ಅಂತ ಕಂಪನಿ ಕೇಳಿತು. ಬೇಡ ಅಂದೆ. ಹೇಳಲು ಸಂಕೋಚವಾಗಿ ನಿಮಗೆ ಹೇಳಿರಲಿಲ್ಲ, ಅಷ್ಟೇ.

ಕಣ್ಣಿನ ಮಾತೂ ನಿಜವೇ. ಎಡಗಣ್ಣಿಗೆ ಪೊರೆ ಬಂದಿದೆ. ಬಲಗಣ್ಣೂ ಅದೇ ದಾರಿಯಲ್ಲಿದೆ. ೧೨ಕ್ಕೆ ಆಪರೇಷನ್. ಹೆದರುವಂಥದ್ದೇನಲ್ಲ ಅನ್ನುತ್ತಾರೆ, ಆದರೆ ಹಾಗೆ ಅನ್ನುವವರ ಕಣ್ಣು ಸರಿಯಾಗಿಯೇ ಇರುತ್ತದೆ.

ಒಂದು ಉಪಕಾರ ಮಾಡಿ. ಅಕ್ಕನ ಅಂಬಿಗಿತ್ತಿಯನ್ನು ನಾಲ್ಕು ದಿನಕ್ಕೆ ಕಳಿಸಿಕೊಡಿ. ೧೨ರೊಳಗೆ ಒಮ್ಮೆ ನೋಡಬೇಕು.

ಕುಂಚಪ್ಪ


೮ ಫೆಬ್ರವರಿ, ಭಾನುವಾರ

ಕುಂಚಪ್ಪ,

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನನಗೆ ಗೊತ್ತಿರಲಿಲ್ಲಪ್ಪ. ಐ ಬೆಗ್ ಟು ಸ್ಟೇಟ್ ದಟ್ ಅಂತ ಶುರು ಮಾಡಿದೆ, ಮುಂದೆ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ.

ಕಾರ್ಡು ಕಳಿಸುವ ವಿಚಾರ. ಟಪಾಲನ್ನು ಈಗ ನಂಬುವ ಹಾಗಿಲ್ಲ. ನನ್ನ ೧೮ರ ಕಾಗದ ಏನಾಯಿತು ನೀನೇ ಹೇಳಿದೆಯಲ್ಲ. ಕಾರ್ಡು ನೆನೆದರೆ, ಮಡಚಿಕೊಂಡರೆ ಕಷ್ಟ. ಆಪರೇಷನ್ ಮುಗಿಯಲಿ, ನೋಡೋಣ.

ಊಟದ ಕಡೆ ಗಮನ ಇರಲಿ.

ಭಾವ


೧೬ ಫೆಬ್ರವರಿ, ಸೋಮವಾರ

ಕುಂಚಪ್ಪ,

ನಾಲ್ಕು ದಿನವಾಯಿತು, ನಿನ್ನ ಸುದ್ದಿಯಿಲ್ಲ. ಫೋನು ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿರುತ್ತಾರೆ, ನೀನು ಓದಲಾರೆ ಅಂತ ಗೊತ್ತು. ಆದರೂ ಬರೆಯುತ್ತಿದ್ದೇನೆ. ನೀನು ಓದಲಾರದಿರುವಾಗಲೇ ಇದನ್ನು ಬರೆಯುವುದು ಸುಲಭ.

ಅಕ್ಕನ ಕಾರ್ಡು ಕತ್ತರಿಸಲ್ಪಟ್ಟಿದೆ.

ಪ್ಯಾಸಿವ್ ವಾಯ್ಸು. ಕಾಲೇಜಿನಲ್ಲಿ ಕಲಿತದ್ದರಲ್ಲಿ ಇದೊಂದೇ ಉಪಯೋಗಕ್ಕೆ ಬಂದದ್ದು. ಬೇಡ, ಸರಿಯಾಗಿ ಹೇಳುತ್ತೇನೆ. ನಾನು ಕತ್ತರಿಸಿದೆ. ಅವಳು ಆಡಿ ಆಡಿ ಅಂಚು ನಾರುನಾರಾಗಿತ್ತು. ನನ್ನ ಕಸುಬಿನಲ್ಲಿ ಪುಸ್ತಕದ ಅಂಚು ಹಾಗಾದರೆ ಏನು ಮಾಡುತ್ತೇವೆ? ಯಂತ್ರಕ್ಕೆ ಕೊಟ್ಟು ಕೂದಲೆಳೆಯಷ್ಟು ಸವರುತ್ತೇವೆ, ಹೊಸದಾಗುತ್ತದೆ. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಹಾಗೇ ಸವರಿದೆ. ನಾಲ್ಕೂ ಕಡೆ. ಎಷ್ಟು ಚೆನ್ನಾಗಿ ಬಂತು ಗೊತ್ತೇ. ಒಂದು ವಾರದ ಮೇಲೆ ಲೆಕ್ಕದ ಟೀಚರ್ ಬೇರೆ ಯಾರಿಗೋ ನಿಯಮ ಹೇಳುತ್ತಿದ್ದರು. ಅಳತೆ ಕಡಿಮೆಯಾದ ಕಾರ್ಡನ್ನು ಕಟ್ಟಿನಲ್ಲಿ ಬೆರಳಿನಿಂದಲೇ ಗುರುತು ಹಿಡಿಯಬಹುದು, ಹಾಗಾಗಿ ಆಡುವಂತಿಲ್ಲ, ಅದು ಸತ್ತ ಹಾಗೆ ಅಂದರು. ನಾನು ಚಹಾ ಸೋಸುತ್ತಿದ್ದೆ. ಕೈ ಸುಟ್ಟುಕೊಂಡೆ.

ಸ್ನೇಹಿತ ಅಂದೆನಲ್ಲ, ಅದು ನಾನೇ. ಈಗ ತಿಳಿಯಿತೇ, ಕಪ್ಪೆಯ ಮೇಲೆ ನನಗೆ ಅಷ್ಟು ಸಿಟ್ಟು ಯಾಕೆ ಬಂತು ಅಂತ. ಅವಳನ್ನು ನಾನು ಹಾಳು ಮಾಡಿದೆ, ಇನ್ನೊಬ್ಬಳು ಸಿಗುವುದಿಲ್ಲ, ಆ ಜಾಗಕ್ಕೆ ಕಪ್ಪೆ ಬರುತ್ತದೆ.

ಇನ್ನು ಮೇಜು. ಮೊನ್ನೆ ಒಡೆಯಿತು. ಕಿರಿಯ ನರ್ಸು ಹೊಸ ಪೊಟ್ಟಣ ಒಡೆದು ಕಪ್ಪೆಯನ್ನು ಇಳಿಸಿದಳು. ಅಕ್ಕನನ್ನು ಅಮ್ಮ ಅನ್ನುತ್ತಿದ್ದ ಡ್ರೈವರ್ ಎದ್ದು ನಿಂತ. "ಅಮ್ಮ ಕೂತಿದ್ದ ಮೇಜು ಇದು. ಆಟ ಕಲಿಸಿದವರನ್ನು ಮರೆತಿರಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ ಆಯ್ತು." ಹಿರಿಯ ನರ್ಸೂ ಎದ್ದರು, ಟೀಚರೂ ಎದ್ದರು. ಎದುರಿನ ಚಹಾದಂಗಡಿಯಲ್ಲಿ ಆಡುತ್ತಾರಂತೆ. ಹೋಗುವಾಗ ಡ್ರೈವರ್ ನನ್ನನ್ನು, "ನೀವು ನಮ್ಮ ಕಡೆ ಮತ ಹಾಕಿದವರು, ಬನ್ನಿ ಸಾರ್" ಅಂದ. ಕುರ್ಚಿ ಬಿಟ್ಟು ಏಳಲಾಗಲಿಲ್ಲ. ಗಾಜಿನಾಚೆ ಅವರು ಮೂವರು ಕಾಣುತ್ತಾರೆ, ಇಲ್ಲಿ ಇವರು ಮೂವರು. ನಾನು ಎರಡು ಕಡೆಯ ತಲೆ ಎಣಿಸುತ್ತ ಕೂತೆ.

ನಿನ್ನ ಕಣ್ಣು ಹೇಗಿದೆ? ಯಾರ ಕೈಲಾದರೂ ಒಂದು ಸಾಲು ಬರೆಸು.

ಭಾವ


೨೪ ಫೆಬ್ರವರಿ, ಮಂಗಳವಾರ

ಭಾವನವರಿಗೆ,

ಕಣ್ಣು ಸ್ವಲ್ಪ ಊದಿಕೊಂಡು ತಡವಾಯಿತು, ನಿನ್ನೆ ಪಟ್ಟಿ ಬಿಚ್ಚಿದರು. ಮೊದಲು ಕಂಡದ್ದು ನರ್ಸಿನ ಅಂಗಿಯ ಗುಂಡಿ. ಅಷ್ಟು ಬಿಳಿ ಬಣ್ಣ ಇದೆ ಅನ್ನುವುದೇ ಮರೆತುಹೋಗಿತ್ತು. ಎರಡನೆಯದಾಗಿ ಕಂಡದ್ದು ನಿಮ್ಮ ಕಾಗದ.

ಕತ್ತರಿಸಲ್ಪಟ್ಟಿದೆ ಅನ್ನುವುದನ್ನು ಓದಿ ಜೋರಾಗಿ ನಕ್ಕೆ. ಕಣ್ಣಿಗೆ ಒತ್ತಡ ಬೀಳಬಾರದು ಅಂತ ಬೈದರು. ಭಾವ, ಅಕ್ಕ ಇದ್ದಿದ್ದರೆ ನಿಮ್ಮನ್ನೇ ಯಂತ್ರಕ್ಕೆ ಕೊಟ್ಟು ಸವರುತ್ತಿದ್ದಳು, ಆಮೇಲೆ ಆ ಕಾರ್ಡನ್ನೇ ಎದೆಗೆ ಒತ್ತಿಕೊಂಡು ಎಲ್ಲರಿಗೂ ತೋರಿಸುತ್ತಿದ್ದಳು. ಆಡಲು ಬರದಿದ್ದರೆ ಬೇಡ, ನೋಡಲು ಬರುತ್ತದಲ್ಲ. ರಟ್ಟು ಕಟ್ಟಿ ಇಡಿ.

ಈಗ ನಾನು ಮುಚ್ಚಿಟ್ಟ ಇನ್ನೊಂದು ಮಾತು.

ಅಂಬಿಗಿತ್ತಿಯನ್ನು ಬರೆಯುವಾಗ ಅಕ್ಕ ಎದುರಿಗೇ ಇದ್ದಳು, ಕಷ್ಟವಾಗಲಿಲ್ಲ. ಕಪ್ಪೆಗೆ ಯಾರೂ ಸಿಗಲಿಲ್ಲ. ಕಾರ್ಟೂನಿನವರು ಕಳಿಸಿದ ನಮೂನೆಯನ್ನು ಹಾಗೇ ಇಳಿಸಿದರೆ ಗೊಂಬೆಯಂತೆ ಕಾಣುತ್ತಿತ್ತು. ಹೋದ ವರ್ಷ ಬಂದಿದ್ದಾಗ ಒಂದು ಶನಿವಾರ ನಿಮ್ಮ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದೆ, ನೆನಪಿದೆಯೇ? ನೀವು ಅಕ್ಕನ ಕುರ್ಚಿಯ ತುದಿಯಲ್ಲಿ ಕೂತಿದ್ದಿರಿ, ಯಾರೋ ಎಬ್ಬಿಸುತ್ತಾರೆ ಅನ್ನುವವರ ಹಾಗೆ. ಆಟ ಅರ್ಥವಾಗುತ್ತಿರಲಿಲ್ಲ, ಕಣ್ಣು ಮಾತ್ರ ಒಬ್ಬೊಬ್ಬರ ಮುಖದ ಮೇಲೂ ಹೋಗಿ ಬರುತ್ತಿತ್ತು. ಬಾಯಿ ಅರ್ಧ ತೆರೆದಿತ್ತು. ಪೆನ್ಸಿಲು ಎಲ್ಲಿತ್ತು ಅಂತ ನಾನು ಹೇಳಬೇಕಿಲ್ಲ. ಕಪ್ಪೆಗೆ ಕಿವಿಯಿಲ್ಲ ಅಂತ ಕಾರ್ಟೂನಿನವರೂ ತಕರಾರು ಮಾಡಿದರು. ಇದೊಂದು ಇರಲಿ ಅಂತ ಹಟ ಹಿಡಿದು ಉಳಿಸಿಕೊಂಡೆ.

ಅಕ್ಕನ ಜಾಗಕ್ಕೆ ಹೊರಗಿನವರು ಬರಬಾರದು ಅಂತ ನೀವು ಮತ ಹಾಕಿದಿರಿ. ಆ ಜಾಗದಲ್ಲಿ ಹದಿನೈದು ತಿಂಗಳಿಂದ ಕೂತಿರುವವರು ನೀವು.

ಒಂದು ಕಾರ್ಡು ಇಟ್ಟಿದ್ದೇನೆ. ಈ ಸಲ ಅಚ್ಚಿನಲ್ಲಿ ನೋಡಿ.

ಕುಂಚಪ್ಪ


೮ ಮಾರ್ಚ್, ಭಾನುವಾರ

ಕುಂಚಪ್ಪ,

ನಿನ್ನ ಕಾಗದ ಗುರುವಾರ ಬಂತು. ಕಪ್ಪೆಯನ್ನು ಕನ್ನಡಿಯ ಪಕ್ಕ ಹಿಡಿದು ನೋಡಿದೆ. ಮೊದಲು ಸಿಟ್ಟು ಬಂತು, ನನ್ನ ಹೊಟ್ಟೆ ಅಷ್ಟಿಲ್ಲ. ಆಮೇಲೆ ಇಡೀ ದಿನ ಒಂದು ಪುಸ್ತಕವನ್ನೂ ಕಟ್ಟಲಾಗಲಿಲ್ಲ. ಎದ್ದೆ, ಕೂತೆ, ಎದ್ದೆ. ಕೊನೆಗೆ ಗುಂಗುರುವಿಗೆ ಫೋನು ಮಾಡಿ, ನನಗೆ ಆಟ ಕಲಿಸು ಅಂದೆ. ಶುಕ್ರವಾರ ಅವಳು ಬಂದು ನಾಲ್ಕು ಗಂಟೆ ಕಲಿಸಿದಳು. "ಅಂಕಲ್, ಹಲ್ಲು ಕೀಳುವುದು ಇದಕ್ಕಿಂತ ಸುಲಭ" ಅಂದಳು.

ನಿನ್ನೆ ಮೂರು ಗಂಟೆಗೆ ಚಹಾದಂಗಡಿಗೆ ಹೋದೆ. ಅಲ್ಲಿನ ಮೇಜು ದುಂಡು, ಒಂದು ಕಾಲು ಮೋಟು. ಟೀಚರ್ ಅದರ ಕೆಳಗೆ ಕಾಗದ ಮಡಚಿ ಇಡುತ್ತಿದ್ದರು. ನಿಂತೇ ಹೇಳಿದೆ. ಫ್ರಾಂಚೈಸ್ ಅಂದರೆ ಮತವಲ್ಲ ಅಂತ ಹೇಳಿದೆ. ಅಕ್ಕನ ಕಾರ್ಡನ್ನು ಸವರಿದವನು ನಾನು ಅಂತ ಹೇಳಿದೆ. ರಟ್ಟು ಕಟ್ಟಿದ ಅಂಬಿಗಿತ್ತಿಯನ್ನು ಮುಂದಿಟ್ಟೆ. ಕಪ್ಪೆಯನ್ನೂ ಇಟ್ಟು, ಇದು ನಾನು ಅಂದೆ.

ಮೂವರೂ ಕಪ್ಪೆಯನ್ನು ನೋಡಿದರು, ನನ್ನನ್ನು ನೋಡಿದರು. ಹಿರಿಯ ನರ್ಸು ಬಾಯಿಗೆ ಸೆರಗು ಅಡ್ಡ ಹಿಡಿದರು. ಡ್ರೈವರ್ ಅಂಬಿಗಿತ್ತಿಯ ಅಂಚಿನ ಮೇಲೆ ಬೆರಳಾಡಿಸಿದ. ಕಾರ್ಡನ್ನು ಎತ್ತಿ ಬೆಳಕಿಗೆ ಹಿಡಿದ. ಆಮೇಲೆ, "ಎಷ್ಟು ನೇರ ಕತ್ತರಿಸಿದ್ದೀರಿ ಸಾರ್" ಅಂದ. ಬೈಗುಳವೋ ಹೊಗಳಿಕೆಯೋ ಇನ್ನೂ ಗೊತ್ತಿಲ್ಲ. ಟೀಚರ್ ಮಾತ್ರ, "ಡಿಕ್ಷನರಿ ನಮ್ಮನೆಯಲ್ಲೂ ಇದೆ. ಮೊದಲ ದಿನವೇ ನೋಡಿದ್ದೆ. ನೀವು ಅಷ್ಟು ಉತ್ಸಾಹದಲ್ಲಿದ್ದಿರಿ, ಸುಮ್ಮನಾದೆ" ಅಂದರು.

"ನಾನು ಇವತ್ತು ಆಡುತ್ತೇನೆ. ನನ್ನೆದುರು ಯಾರು ಕೂರುತ್ತೀರಿ?" ಅಂದು ವಾಪಸು ರಸ್ತೆ ದಾಟಿದೆ. ತಿರುಗಿ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ ಅನ್ನು.

ಮೂರೂವರೆಗೆ ಡ್ರೈವರ್ ಬಂದು ನನ್ನೆದುರು ಕುರ್ಚಿ ಎಳೆದುಕೊಂಡ. "ಆ ಮೇಜಿನ ಕಾಲು ಸರಿಯಿಲ್ಲ" ಅಂದ. ಹಿಂದೆಯೇ ಉಳಿದಿಬ್ಬರೂ ಬಂದರು. ಕಿರಿಯ ನರ್ಸು ತನ್ನ ಅಕ್ಕನ ಕಡೆ ಚಹಾದ ಲೋಟ ಸರಿಸಿದಳು.

ನಾನು ಹೇಗೆ ಆಡಿದೆ ಅಂತ ಕೇಳಬೇಡ. ಐದನೇ ಸುತ್ತಿಗೆ ನನ್ನ ಕಾರ್ಡುಗಳೆಲ್ಲ ಹೊಳೆಪಾಲು. ಕೈಯಲ್ಲಿ ಉಳಿದದ್ದು ಕಪ್ಪೆ ಒಂದೇ. ಇಳಿಸಿದೆ. ಇಳಿಸುವಾಗ ಏನೋ ಅನ್ನಬೇಕಿತ್ತು, ಮರೆತುಹೋಯಿತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಗುಂಗುರು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಾಳೆ. ಹದಿನೈದು ತಿಂಗಳು ಈ ಕುರ್ಚಿಯಿಂದ ಕೇಳಿದ ಮಾತು, ನಾಲಿಗೆಗೆ ಬರಲಿಲ್ಲ. ಬಾಯಿ ಅರ್ಧ ತೆರೆದೇ ಕೂತಿದ್ದೆ.

ಡ್ರೈವರ್ ಕಪ್ಪೆಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ತನ್ನ ಕಾರ್ಡುಗಳ ಮೇಲೆ ಕಣ್ಣಿಟ್ಟು, ದಿನಕ್ಕೆ ನೂರು ಸಲ ಬಸ್ಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದ:

"ಹತ್ತಿ, ಇನ್ನೂ ಜಾಗ ಇದೆ."

ಆಟ ಸೋತೆ. ಮುಂದಿನ ಶನಿವಾರವೂ ಸೋಲುವುದಿದೆ.

ನಿನ್ನ ಭಾವ